ಒಂದು ಚೊಂಬು ನೀರಿನ ಪರೀಕ್ಷೆ

ಇವತ್ತು ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದೆ. ಸೂರಿನ ಗಟರ್ ತುಂಬಿ, ನೀರು ಸರಿಯಾಗಿ ನನ್ನ ಕುರ್ಚಿ ಮೇಲೇ ಸುರಿಯುತ್ತಿತ್ತು. ಮನೆ ಸುತ್ತ ಅಷ್ಟು ಜಾಗವಿದ್ದರೂ ಅದಕ್ಕೆ ಕುರ್ಚಿಯೇ ಬೇಕಿತ್ತು. ಕೊಡಗಿನ ಜಡಿಮಳೆಯ ತಿಂಗಳು ಕಕ್ಕಡ ಶುರುವಾಗಿ ನಾಲ್ಕೇ ದಿನ. ಗಟರ್ ಹಾಕಿಸಿ ಎರಡು ತಿಂಗಳೂ ಆಗಿಲ್ಲ!

ಹಳೆಯ ತಗಡಿನದು ತುಕ್ಕು ಹಿಡಿದು ಜರಡಿಯಾಗಿತ್ತು. ಮೇ ತಿಂಗಳಲ್ಲಿ ಮಡಿಕೇರಿಯಲ್ಲಿ ಗಟರ್ ಮೇಸ್ತ್ರಿ ಸಿಗುವುದೂ ಒಂದೇ, ಮದುವೆ ಸೀಸನ್ನಿನಲ್ಲಿ ವಾಲಗದವರು ಸಿಗುವುದೂ ಒಂದೇ. ಏಳು ಸಲ ಫೋನ್ ಮಾಡಿದ ಮೇಲೆ "ದಾರೀಲಿದ್ದೀನಿ ಸಾರ್" ಅಂದರು. ಆ ದಾರಿ ಮೂರು ದಿನದ್ದು.

ಮೇಸ್ತ್ರಿಗೆ ಒಂದು ಅಭ್ಯಾಸ. ಮಟ್ಟ ನೋಡುವ ರಸಮಟ್ಟ ಮುಟ್ಟುವುದಿಲ್ಲ. ಏಣಿ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಕೈಲ್‌ಪೋಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಕೋವಿ ಗುರಿ ಹಿಡಿದ ಹಾಗೆ ಗಟರ್ ಉದ್ದಕ್ಕೂ ನೋಡುತ್ತಾರೆ. "ಹತ್ತಡಿಗೆ ಅರ್ಧ ಇಂಚಾದ್ರೂ ಇಳಿಜಾರು ಬೇಡ್ವಾ?" ಎಂದೆ. "ಇಂಚು ನನ್ನ ಕಣ್ಣಲ್ಲೇ ಇದೆ ಸಾರ್" ಎಂದರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಕಣ್ಣಿಗೊಂದು ಇಳಿಜಾರು ಕಂಡಿರಬೇಕು, ಸ್ವಲ್ಪ ಹೊತ್ತು ಸುಮ್ಮನಾದರು.

ಕೊನೆಗೆ ಪರೀಕ್ಷೆ. "ಒಂದು ಚೊಂಬು ನೀರು ಕೊಡಿ." ಕೊಟ್ಟೆ. ಇಳಿಪೈಪಿನ ಬಾಯಿಂದ ಒಂದೇ ಅಡಿ ಈಚೆ ಸುರಿದರು. ಗುಳುಗುಳು ಅಂತ ಇಳಿದುಹೋಯಿತು. ನಾನೂ ಪೆದ್ದನ ಹಾಗೆ ತಲೆಯಾಡಿಸಿ ದುಡ್ಡು ಕೊಟ್ಟೆ. 40 ಅಡಿ ಗಟರ್‌ನಲ್ಲಿ ಉಳಿದ 39 ಅಡಿ ಪರೀಕ್ಷೆಗೆ ಕೂರಲೇ ಇಲ್ಲ.

ಪಕ್ಕದ ತೋಟದ ಅಂಕಲ್ ದಿನಾ ಬೆಳಗ್ಗೆ ಮಳೆ ಅಳೆದು ಫೋನ್ ಮಾಡುತ್ತಾರೆ. "ನಮ್ಮಲ್ಲಿ ನಾಲ್ಕು ಇಂಚು. ನಿಮ್ಮಲ್ಲಿ?" ಪೇಪರಿನವರು ಮಿಲಿಮೀಟರ್ ಬರೆದುಕೊಳ್ಳಲಿ, ತೋಟದವರ ಮಳೆ ಇಂಚಿನಲ್ಲೇ. ಸಿಟ್ಟಿನಲ್ಲಿ ಕೂತು ಲೆಕ್ಕ ಹಾಕಿದೆ. ಸಾವಿರ ಚದರಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್. ನಾಲ್ಕು ಇಂಚಿಗೆ 9,000 ದಾಟುತ್ತದೆ. ಅದರಲ್ಲಿ ಅರ್ಧ ನನ್ನ ಕುರ್ಚಿ ಕಡೆಯ ಮಾಡಿನದು. ಇಷ್ಟಕ್ಕೆ ಪರೀಕ್ಷೆ ಒಂದು ಚೊಂಬು!

ಜೊತೆಗೆ ಸಿಲ್ವರ್ ಓಕ್ ಎಲೆ. ಮೆಣಸು ಬಳ್ಳಿ ಹಬ್ಬಲಿ ಅಂತ ನೆಟ್ಟ ಮರ, ಎಲೆ ಉದುರಿಸುವುದು ಮಾತ್ರ ಗಟರ್‌ಗೆ. ನೆನೆದರೆ ಪೈಪಿನ ಬಾಯಿಗೆ ಒಳ್ಳೇ ಬಿರಡೆ. ಜಾಲರಿ ಹಾಕಿಸಿದೆ. ಈಗ ಎಲೆ ಜಾಲರಿ ಮೇಲೆ ಹಾಸಿಗೆ ಹಾಸಿಕೊಂಡಿದೆ. ಇನ್ನು ಇರಚಲು ತಡೆಯಲಿ ಅಂತ ಪಡುವಣ ಗೋಡೆಗೆ ಹೊಡೆಸಿದ ಶೀಟಿನ ಕಥೆ ಬೇಡವೇ ಬೇಡ. ಒಂದು ಮೊಳೆ ಕಿತ್ತಿದೆ, ಗಾಳಿ ಬಂದರೆ ರಾತ್ರಿಯಿಡೀ ವಾಲಗ. ಇದು ಪುಕ್ಕಟೆ.

ಅಜ್ಜನ ಹೆಂಚಿನ ಮನೆಗೆ ಗಟರ್ ಇರಲಿಲ್ಲ. ಬಾಗಿಲ ಮುಂದೆ ಮಾತ್ರ ಅಡಿಕೆ ಮರ ಸೀಳಿ ಮಾಡಿದ ಒಂದು ದಂಬೆ. ಉಳಿದ ಕಡೆ ಹೆಂಚಿಗೊಂದು ಧಾರೆ. ಅಂಗಳದಲ್ಲಿ ಅಳತೆ ಹಿಡಿದು ತೋಡಿದ ಹಾಗೆ ಸಾಲಾಗಿ ಗುಳಿಗಳು. ಜಗಲಿ ಅಂಚಿನಲ್ಲಿ ಕೂತು, ಆ ಧಾರೆಗೆ ಕಾಲೊಡ್ಡಿ, ಅಜ್ಜಿ ಬೈಯುವ ತನಕ ಏಳುತ್ತಿರಲಿಲ್ಲ. ಆ ಮನೆಯೂ ಇಲ್ಲ, ಬೈಯುವವರೂ ಇಲ್ಲ.

ಮೇಸ್ತ್ರಿಗೆ ಫೋನ್ ಮಾಡಿದೆ. "ಮಳೆ ಬಿಡ್ಲಿ ಸಾರ್, ಬರ್ತೀನಿ." ಬಿಡಲಿಲ್ಲ ನಾನು, ವಿಡಿಯೋ ಕಾಲ್ ಮಾಡಿ ಗಟರ್ ತೋರಿಸಿದೆ. ಪರದೆಯೊಳಗೇ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ಗಟರ್ ಸರಿಯಾಗೇ ಇದೆ ಸಾರ್. ನಿಮ್ಮ ಮನೆಯೇ ಸ್ವಲ್ಪ ಆ ಕಡೆ ವಾಲಿದೆ."