ದುಡ್ಡು ಅವರ ಕೈಗೇ ಕೊಟ್ಟರು, ಮನೆ ಅವರೇ ಕಟ್ಟಿಕೊಂಡರು

ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಬೇರೆ ದೇಶದ ಜನರಿಗೆ ನಮ್ಮ ಸರ್ಕಾರ ಏನಾದರೂ ಕಳಿಸಿತು ಅಂತ ಸುದ್ದಿ ಬಂದರೆ ಸಾಕು, ಕೆಳಗೆ ಅದೇ ಕಾಮೆಂಟ್: "ನಮ್ಮಲ್ಲೇ ಬಡವರಿದ್ದಾರೆ, ಅವರಿಗೆ ಯಾಕೆ?" ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರು ಮಲಪ್ರಭೆ ದಂಡೆ ಮೇಲಿದೆ. 2009ರ ನೆರೆಯಲ್ಲಿ ನಮ್ಮ ಚಿಗವ್ವನ ಮನೆ ಬಿತ್ತು. ಮನೆ ಬಿದ್ದವರ ಕಷ್ಟ ಏನು ಅಂತ ನೋಡಿದ್ದೇನೆ. ನೋಡಿದ್ದಕ್ಕೇ ಹೇಳ್ತೀನಿ, ಕೊಡಬೇಕು. ಆದರೆ ಹೇಗೆ ಕೊಡಬೇಕು ಅನ್ನೋದರಲ್ಲಿ ಎಲ್ಲಾ ಇದೆ.

ಅದೇ 2009ರ ಮೇ ತಿಂಗಳಲ್ಲಿ ಶ್ರೀಲಂಕಾದಲ್ಲಿ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡೆಯುತ್ತಿದ್ದ ಯುದ್ಧ ಮುಗಿಯಿತು. ಉತ್ತರದ ವನ್ನಿ ಪ್ರದೇಶದಿಂದ ಸುಮಾರು ಮೂರು ಲಕ್ಷ ತಮಿಳರು ಉಟ್ಟ ಬಟ್ಟೆಯಲ್ಲಿ ಹೊರಬಂದಿದ್ದರು. ಬಹಳಷ್ಟು ಜನರನ್ನು ವವುನಿಯಾ ಹತ್ತಿರದ ಮೆನಿಕ್ ಫಾರ್ಮ್ ಶಿಬಿರದಲ್ಲಿ, ತಂತಿಬೇಲಿಯ ಒಳಗೆ ಇಟ್ಟರು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಮಾರ್ಚ್‌ನಲ್ಲಿ, ಭಾರತ ಅಲ್ಲಿನ ಪೂರ್ವ ಕರಾವಳಿಯ ಪುಲ್ಮೊಡ್ಡೈನಲ್ಲಿ ಒಂದು ಆಸ್ಪತ್ರೆ ತೆರೆದಿತ್ತು. ಆಮೇಲೆ ಅದು ಮೆನಿಕ್ ಫಾರ್ಮ್‌ಗೆ ಬಂತು. ಆರು ತಿಂಗಳಲ್ಲಿ 50,000ಕ್ಕೂ ಜಾಸ್ತಿ ಜನರಿಗೆ ಚಿಕಿತ್ಸೆ ಕೊಟ್ಟರು. ಜನ ಊರಿಗೆ ಮರಳಲು ಶುರು ಮಾಡಿದಾಗ ತಾತ್ಕಾಲಿಕ ಗುಡಿಸಲಿಗೆ ತಗಡು, ಸಿಮೆಂಟು ಹೋಯಿತು. ಹೊಲಕ್ಕೆ 500 ಟ್ರ್ಯಾಕ್ಟರ್, ಬೇಸಾಯದ ಸಾಮಾನು ಹೋಯಿತು. ನೆಲಬಾಂಬು ತೆಗೆಯುವ ತಂಡಗಳೂ ಹೋದವು. ಹೊಲದಲ್ಲಿ ಬಾಂಬು ಇದ್ದರೆ ಟ್ರ್ಯಾಕ್ಟರ್ ತಗೊಂಡು ಏನು ಮಾಡೋದು, ಅಲ್ವಾ?

2010ರ ಜೂನ್‌ನಲ್ಲಿ ಭಾರತ 50,000 ಮನೆಗಳ ಮಾತು ಕೊಟ್ಟಿತು. ಆ ನವೆಂಬರ್‌ನಲ್ಲಿ ಜಾಫ್ನಾದ ಅರಿಯಾಲೈನಲ್ಲಿ ಅಡಿಗಲ್ಲು ಹಾಕಿದವರು ಆಗ ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ. ಮೊದಲ 1,000 ಮನೆಗಳನ್ನು ಗುತ್ತಿಗೆ ಕೊಟ್ಟು ಕಟ್ಟಿಸಿದರು. 2012ರ ಅಕ್ಟೋಬರ್ 2ರಿಂದ ದಾರಿ ಬದಲಾಯಿತು. ಉತ್ತರ, ಪೂರ್ವ ಪ್ರಾಂತ್ಯಗಳ ಉಳಿದ ಸುಮಾರು 45,000 ಮನೆಗಳಿಗೆ ದುಡ್ಡನ್ನು ಮನೆಯವರ ಬ್ಯಾಂಕ್ ಖಾತೆಗೇ ಹಾಕಿದರು. ಹೊಸ ಮನೆಗೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿ, ರಿಪೇರಿಗೆ ಎರಡೂವರೆ ಲಕ್ಷದವರೆಗೆ. ಕೆಲಸ ಮುಂದೆ ಹೋದ ಹಾಗೆ ಕಂತು. ಎಂಜಿನಿಯರುಗಳು ಬಂದು ನೋಡುತ್ತಿದ್ದರು, ಸಲಹೆ ಕೊಡುತ್ತಿದ್ದರು. ಆದರೆ ಮೇಸ್ತ್ರಿ ಯಾರು, ಇಟ್ಟಿಗೆ ಎಲ್ಲಿಂದ, ಬಾಗಿಲು ಯಾವ ಕಡೆಗೆ, ಇದೆಲ್ಲ ಮನೆಯವರದೇ ತೀರ್ಮಾನ.

ಇದು ದೊಡ್ಡ ವಿಷಯ ಅಂತ ನನಗೆ ಅನಿಸೋದಕ್ಕೆ ಕಾರಣ ನಮ್ಮ ಚಿಗವ್ವ. ನೆರೆ ಇಳಿದ ಮೇಲೆ ಅವಳಿಗೂ ಒಂದು ಮನೆ ಬಂತು. ಊರಿಂದ ದೂರ, ಎರೆ ಹೊಲದ ನಡುವೆ, ಸಾಲಾಗಿ ಕಟ್ಟಿದ ಒಂದೇ ಅಳತೆಯ ಮನೆಗಳು. ಕೀಲಿ ಕೊಟ್ಟ ದಿನ ನಾನೂ ಹೋಗಿದ್ದೆ. ಚಿಗವ್ವ ಒಳಗೆ ಹೋಗಿ ಒಂದು ಸುತ್ತು ಹಾಕಿ ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ಎಮ್ಮಿ ಎಲ್ಲಿ ಕಟ್ಟಲಿ?" ನಮ್ಮ ಕಡೆ ಮನೆ ಅಂದರೆ ಮುಂದಿನ ಅಂಕಣದಲ್ಲಿ ಗ್ವಾದ್ಲಿ (ದನಕ್ಕೆ ಮೇವು ಹಾಕುವ ಜಾಗ), ದನ. ಆಮೇಲೆ ಪಡಸಾಲಿ, ಆಮೇಲೆ ಅಡುಗೆಮನೆ. ಕಟ್ಟಿಸಿದವರು ಆ ಪ್ರಶ್ನೆಯನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಒಂದು ಮಳೆಗಾಲ ಅಲ್ಲಿದ್ದು ಚಿಗವ್ವ ವಾಪಸ್ ನದಿ ದಂಡೆಗೇ ಬಂದಳು. ಎಮ್ಮೆ ಇದ್ದಲ್ಲಿ ತಾನೇ ಅವಳು ಇರೋದು!

2018ರಲ್ಲಿ ಕೆಲಸದ ಮೇಲೆ ಕೊಲಂಬೊಗೆ ಹೋಗಿದ್ದೆ. ಎರಡು ದಿನ ರಜೆ ಹಾಕಿ ಉತ್ತರಕ್ಕೆ ಹೊರಟೆ. ಗೆಳತಿಯೊಬ್ಬಳ ದೊಡ್ಡಮ್ಮ ಕಿಳಿನೊಚ್ಚಿ ಹತ್ತಿರ ಇದ್ದರು. ಗಂಡ ಯುದ್ಧದಲ್ಲಿ ಹೋಗಿದ್ದರು. ನನ್ನ ಬೆಂಗಳೂರು ತಮಿಳು ಅವರಿಗೆ ಅರ್ಧ ಅರ್ಥವಾಯಿತು, ಅವರ ಜಾಫ್ನಾ ತಮಿಳು ನನಗೆ ಅದಕ್ಕೂ ಕಡಿಮೆ. ಆದರೂ ಮನೆ ತೋರಿಸುವಾಗ ಭಾಷೆ ಬೇಕಾಗಲಿಲ್ಲ. ಅಡುಗೆಮನೆಗೆ ಅವರು 'ಕುಸಿನಿ' ಅಂತಾರೆ. ಅವರ ಕುಸಿನಿಯ ಒಲೆಯ ಮೇಲೆ ಗೋಡೆಯಲ್ಲಿ ಉದ್ದಕ್ಕೆ ಒಂದು ಸಂದು ಬಿಟ್ಟಿದ್ದರು, ಹೊಗೆ ಹೋಗಲಿ ಅಂತ. ಅದನ್ನು ಕೈಯಿಂದ ಸವರಿ, "ಇದು ನಾನು ಹೇಳಿ ಬಿಡಿಸಿದ್ದು" ಅಂದರು. ಮೇಸ್ತ್ರಿ ಒಪ್ಪಿರಲಿಲ್ಲವಂತೆ. ದೇವರಿಗೆ ಮೂಲೆಯಲ್ಲಿ ಒಂದು ಸಣ್ಣ ಕೋಣೆ, ಅದಕ್ಕೆ ಮಾತ್ರ ಬಣ್ಣ. ಉಳಿದ ಗೋಡೆಗೆ ಗಿಲಾವು ಕೂಡ ಆಗಿರಲಿಲ್ಲ. ಆ ಮನೆಯಲ್ಲಿ ಅವರು ಓಡಾಡುವ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಇದು ಯಾರೋ ಕೊಟ್ಟ ಮನೆ ಅಂತ ಅವರಿಗೆ ಅನಿಸಿಲ್ಲ.

ಎಲ್ಲಾ ಚೆನ್ನಾಗೇ ಆಯಿತು ಅಂತ ನಾನು ಹೇಳಲ್ಲ. ಗಿಲಾವು ಯಾಕಿಲ್ಲ ಅಂತ ಕೇಳಿದಾಗ ಆ ದೊಡ್ಡಮ್ಮ ಬರಿದಾದ ಕಿವಿ ಮುಟ್ಟಿ ತೋರಿಸಿದರು. ಓಲೆ ಅಡವಿಟ್ಟು ಚಾವಣಿ ಮುಗಿಸಿದ್ದರು. ಸಾವಿರಾರು ಮನೆ ಒಟ್ಟಿಗೇ ಎದ್ದರೆ ಮರಳು, ಮರ, ಮೇಸ್ತ್ರಿಯ ಕೂಲಿ ಎಲ್ಲಾ ಏರುತ್ತದೆ. ಕಂತು ಮಾತ್ರ ಅಷ್ಟೇ. ಎಷ್ಟೋ ಕುಟುಂಬಗಳು ಸಾಲಕ್ಕೆ ಬಿದ್ದವು. ಕೈಗೇ ದುಡ್ಡು ಕೊಡುತ್ತೇವೆ ಅಂದ ಮೇಲೆ ಸಾಮಾನಿನ ಬೆಲೆ ಏರಿದಾಗ ಕಂತೂ ಏರಬೇಕು. ಇದನ್ನು ಮೊದಲೇ ಬರೆದಿಡಬೇಕು.

ಇನ್ನೊಂದು ಮಾತು. 1987ರಿಂದ 1990ರವರೆಗೆ ನಮ್ಮ ಸೈನ್ಯದ ಶಾಂತಿಪಾಲನಾ ಪಡೆ ಅಲ್ಲಿತ್ತು, ಅದರ ಕಾಳಗದಲ್ಲಿ ಅಲ್ಲಿನ ಸಾಮಾನ್ಯ ಜನರೂ ಸತ್ತರು. ಆ ದಿನಗಳ ನೋವು ಅಲ್ಲಿನ ಜನರಲ್ಲಿ ಇನ್ನೂ ಹಸಿಯಾಗಿದೆ. 50,000 ಮನೆಗೆ ನಾವು ಒಪ್ಪಿಕೊಂಡ ಸುಮಾರು 1,372 ಕೋಟಿ ರೂಪಾಯಿಯಿಂದ ಅದು ಅಳಿಸಿ ಹೋಗಲ್ಲ. ಅಳಿಸಲಿ ಅಂತ ಕೊಡಲೂಬಾರದು. ಹಾಗಂತ ಸುಮ್ನೆ ಕೂತಿದ್ದರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು.

"ಅವರಿಗೆ ಯಾಕೆ" ಅನ್ನುವವರಿಗೆ ಇದನ್ನೂ ಹೇಳಬೇಕು. 2019ರಲ್ಲಿ ಮತ್ತೆ ನೆರೆ ಬಂದಾಗ ನಮ್ಮ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ ಐದು ಲಕ್ಷವನ್ನು ಕಂತಿನಲ್ಲಿ ಮನೆಯವರಿಗೇ ಕೊಟ್ಟಿತು. ಚಿಗವ್ವ ಈ ಸಲ ಗ್ವಾದ್ಲಿಯಿಂದಲೇ ಬುನಾದಿ ಶುರು ಮಾಡಿಸಿದಳು. ಅಲ್ಲಿ ಕೊಟ್ಟ ಹಾಗೆಯೇ ಇಲ್ಲೂ ಕೊಟ್ಟಾಗ ಮನೆ ಮನೆಯಾಗಿ ನಿಂತಿತು.

ಕಿಳಿನೊಚ್ಚಿಯಲ್ಲಿ ಕಂಡ ಇನ್ನೊಂದು ಮನೆ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ದೊಡ್ಡಮ್ಮನ ಬೇಲಿಯಾಚೆ, ತಾಳೆಮರದ ಕೆಳಗೆ, ತಗಡಿನ ಗುಡಿಸಲು. ಅಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು. ಅವರ ಹೆಸರು ಪಟ್ಟಿಯಲ್ಲಿ ಬರಲೇ ಇಲ್ಲ, ಯಾಕೆಂದರೆ ಜಾಗದ ಕಾಗದ ಇರಲಿಲ್ಲ. ಶೆಲ್ ಬೀಳುವಾಗ ಊರಿಂದ ಊರಿಗೆ ಓಡಿದವರು ಕಾಗದ ಎಲ್ಲಿಂದ ತರಬೇಕು? ತಗಡು 2010ರಲ್ಲಿ ಬಂದದ್ದಂತೆ. ಎಂಟು ವರ್ಷದಲ್ಲಿ ಅಂಚೆಲ್ಲಾ ತುಕ್ಕು ಹಿಡಿದು ಉದುರುತ್ತಿತ್ತು. ನಾನು ಹೋದಾಗ ಮಧ್ಯಾಹ್ನ ಹನ್ನೆರಡಾಗಿತ್ತು, ಒಳಗೆ ಕೂರಲು ಆಗದಷ್ಟು ಕಾವು. ಅಜ್ಜಿ ದೊಡ್ಡಮ್ಮನ ಕುಸಿನಿಯ ನೆರಳಲ್ಲಿ ಕೂತು ಕೀರೆ ಸೊಪ್ಪು ಬಿಡಿಸುತ್ತಿದ್ದರು.