ಪೈಕಾನ್‌ಗೆ ಹೊರಟಿದ್ದೀರಾ? ನಿಮ್ಮ ಪ್ರಶ್ನೆ ರೆಡಿ ಇದೆಯಾ?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸೋರ ಸಮ್ಮೇಳನ ಪೈಕಾನ್ ಇಂಡಿಯಾಗೆ ಟಿಕೆಟ್ ತಗೊಂಡ ಜೂನಿಯರ್‌ಗಳು ಮೊದಲು ಕೇಳೋದು ಯಾವ ಟಾಕ್‌ಗೆ ಕೂರಬೇಕು ಅಂತ. ಅದಕ್ಕೆ ಅಷ್ಟು ತಲೆಕೆಡಿಸ್ಕೋಬೇಡಿ. ಟಾಕ್‌ಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಆಮೇಲೆ ಯೂಟ್ಯೂಬಿಗೆ ಬರುತ್ತೆ, ಮನೆಯಲ್ಲೇ ನೋಡಬಹುದು.

2009ರಲ್ಲಿ ನಮ್ಮ ಐಐಎಸ್‌ಸಿಯಲ್ಲಿ ಶುರುವಾದ ಸಮ್ಮೇಳನ ಇದು. ಚೆನ್ನೈ, ದೆಹಲಿ, ಹೈದರಾಬಾದ್ ಎಲ್ಲ ಕಂಡು 2024ರಲ್ಲಿ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೀತು. ನೀವು ದಿನಾ ಇಂಪೋರ್ಟ್ ಮಾಡೋ ಲೈಬ್ರರಿಗೆ ಕೋಡ್ ಬರೆದವರು ಅಲ್ಲಿ ಊಟದ ಸಾಲಲ್ಲಿ ನಿಮ್ಮ ಹಿಂದೆಯೇ ತಟ್ಟೆ ಹಿಡ್ಕೊಂಡು ನಿಂತಿರಬಹುದು. ಅವರ ಹತ್ರ ಏನು ಮಾತಾಡ್ತೀರಿ ಅನ್ನೋದೇ ನಿಜವಾದ ತಯಾರಿ. "ನಾನು ಬ್ಯಾಕೆಂಡ್ ಡೆವಲಪರ್" ಅಂದ್ರೆ "ಓ, ಹೌದಾ" ಅಂತ ಮಾತು ಮುಗಿಯುತ್ತೆ. "ನಮ್ಮ ಜಾಂಗೋ ಆ್ಯಪ್‌ನಲ್ಲಿ ಒಂದು ಪೇಜ್ ತೆರೆಯೋಕೆ ಎಂಟು ಸೆಕೆಂಡ್ ಹಿಡಿಯುತ್ತೆ, ಡೇಟಾಬೇಸ್‌ಗೆ ಇಂಡೆಕ್ಸ್ ಹಾಕಿದ್ರೂ ಇಳೀತಿಲ್ಲ" ಅನ್ನಿ. ತಟ್ಟೆ ಪಕ್ಕಕ್ಕಿಟ್ಟು ಕ್ವೆರಿ ತೋರಿಸಿ ಅಂತಾರೆ! ಕೆಲಸದಲ್ಲಿ ಸಿಕ್ಕಿಹಾಕ್ಕೊಂಡಿರೋ ಇಂಥ ಒಂದೆರಡು ಸಮಸ್ಯೆನ ಎರಡೆರಡು ಸಾಲಲ್ಲಿ ಬರ್ಕೊಂಡು ಹೋಗಿ.

ಡೆವ್ ಸ್ಪ್ರಿಂಟ್‌ಗೆ, ಅಂದ್ರೆ ಎಲ್ಲರೂ ಒಟ್ಟಿಗೆ ಕೂತು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಬರೆಯೋ ಕಾರ್ಯಕ್ರಮಕ್ಕೆ ಮಾತ್ರ, ಹೋಗೋ ಮುಂಚೆಯೇ ಮನೆಯಲ್ಲಿ ಕೂತು ತಯಾರಿ ಮಾಡಲೇಬೇಕು. ಪ್ರಾಜೆಕ್ಟ್ ನಡೆಸೋರ ಪಕ್ಕದಲ್ಲೇ ಕೂತು ಕೋಡ್ ಬರೆಯೋ ಅವಕಾಶ ಬೇರೆಲ್ಲಿ ಸಿಗುತ್ತೆ? ಪ್ರಾಜೆಕ್ಟಿನ ಕೋಡ್ ಇರೋ ರೆಪೊ ಕ್ಲೋನ್ ಮಾಡಿ, ಅದಕ್ಕೆ ಬೇಕಾದ ಲೈಬ್ರರಿಗಳನ್ನ (ಡಿಪೆಂಡೆನ್ಸಿ) ಹಾಕಿ, ಟೆಸ್ಟ್‌ಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಾಸಾಗೋದನ್ನ ಹಿಂದಿನ ವಾರವೇ ನೋಡ್ಕೊಳ್ಳಿ. ಹೊಸಬರಿಗೆ ಅಂತಲೇ "ಗುಡ್ ಫಸ್ಟ್ ಇಶ್ಯೂ" ಲೇಬಲ್ ಹಾಕಿರೋ ಕೆಲಸಗಳಲ್ಲಿ ಒಂದನ್ನ ಓದಿಟ್ಕೊಳ್ಳಿ. ನೂರಾರು ಜನ ಹಂಚ್ಕೊಳ್ಳೋ ವೈಫೈ ನಂಬ್ಕೊಂಡು ಹೋದ್ರೆ ಅರ್ಧ ದಿನ ಇನ್‌ಸ್ಟಾಲ್‌ಗೇ ಹೋಗುತ್ತೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಇಂಗ್ಲಿಷ್ ಬಾಯಿಗೆ ಬರಲ್ಲ ಅಂತ ನಮ್ಮ ಹುಡುಗ ಹುಡುಗಿಯರು ಗೋಡೆ ಪಕ್ಕ ಫೋನ್ ನೋಡ್ತಾ ನಿಲ್ತಾರೆ. ದಯವಿಟ್ಟು ಹಾಗೆ ನಿಲ್ಲಬೇಡಿ. ಬೆಂಗಳೂರಲ್ಲಿ ನಡೆದಾಗ ಕನ್ನಡದವರು ಸಿಕ್ಕೇ ಸಿಗ್ತಾರೆ, ಕನ್ನಡದಲ್ಲೇ ಶುರು ಮಾಡಿ. ಹಳಬರಿಗೂ ಒಂದು ಕೋರಿಕೆ: ರೀಡ್ ದ ಡಾಕ್ಸ್ ಕಟ್ಟಿದವರಲ್ಲೊಬ್ಬರಾದ ಎರಿಕ್ ಹೋಲ್ಶರ್ ಹೇಳಿದ ಪ್ಯಾಕ್‌ಮ್ಯಾನ್ ನಿಯಮ ಪಾಲಿಸಿ. ಗುಂಪಾಗಿ ನಿಂತಾಗ ಇನ್ನೊಬ್ಬರು ಸೇರೋಷ್ಟು ಜಾಗ ಬಿಡಿ. ಯಾರಾದ್ರೂ ಬಂದ್ರೆ ಅಷ್ಟೊತ್ತು ಏನು ಮಾತಾಡ್ತಿದ್ರಿ ಅಂತ ಅವರಿಗೆ ಹೇಳಿ.

ಮಾತಾಡಿದವರಿಗೆ ಅವತ್ತು ರಾತ್ರಿಯೇ ಮೆಸೇಜ್ ಹಾಕಿ, ಯಾವ ವಿಷಯ ಮಾತಾಡಿದ್ರಿ ಅಂತ ಅದರಲ್ಲೇ ಬರೀರಿ. ವಿದ್ಯಾರ್ಥಿಗಳು ಟಿಕೆಟ್ ದುಬಾರಿ ಅಂತ ಕೈಬಿಡೋ ಮುಂಚೆ ಹಣಕಾಸು ನೆರವಿನ ಅರ್ಜಿ ಕರೆದಿದ್ದಾರಾ ನೋಡಿ. ಅರ್ಜಿ ಹಾಕೋ ಗಡುವು ಬೇಗ ಮುಗಿಯುತ್ತೆ, ಕಾಯ್ತಾ ಕೂರಬೇಡಿ. ಅರ್ಜಿ ಬರೆಯೋಕೆ ಸಹಾಯ ಬೇಕಿದ್ರೆ ಕಾಮೆಂಟಲ್ಲಿ ಹೇಳಿ, ನಾನು ಓದಿ ನೋಡ್ತೀನಿ.