ಬಿಟ್ಟಿ ಸವಾರಿ

ಹತ್ತು ನಿಮಿಷ ಉಳಿಯುತ್ತದಲ್ಲ ಎಂದು ಮೊನ್ನೆ ಖಾಲಿ ಜಾಗವೊಂದನ್ನು ಅಡ್ಡ ಹಾಯ್ದು ಮನೆಗೆ ಬಂದೆ. ಹತ್ತು ನಿಮಿಷ ಉಳಿಯಿತು, ನಿಜ. ಸಂಜೆ ಪೂರ್ತಿ ಹಾಳಾಯಿತು. ಮೊಣಕಾಲಿನಿಂದ ಕೆಳಗೆ ಪ್ಯಾಂಟಿನ ತುಂಬ ಉತ್ತರಾಣಿ ಬೀಜ. ಸಾಕ್ಸಿನ ಕಥೆ ಕೇಳಲೇಬೇಡಿ.

ಮೆಟ್ಟಿಲ ಮೇಲೆ ಹಳೇ ಪೇಪರ್ ಹಾಸಿಕೊಂಡು ಒಂದೊಂದಾಗಿ ಕೀಳಲು ಕೂತೆ. ಮೊದಲ ಹತ್ತನ್ನು ಬೈಯುತ್ತಾ ಕಿತ್ತೆ. ಬೈಗುಳ ಖಾಲಿಯಾಯಿತು, ಬೀಜ ಖಾಲಿಯಾಗಲಿಲ್ಲ. ಒಳಗಿನಿಂದ ಹೆಂಡತಿ, "ಆ ಸಾಕ್ಸ್ ಬಿಸಾಕಿ ರೀ, ಇನ್ನೊಂದು ಜೊತೆ ಇದೆಯಲ್ಲ" ಅಂದಳು. ಬಿಸಾಕಿದರೆ ಗಿಡ ಗೆದ್ದ ಹಾಗೆ. ಹಟ ಹಿಡಿದು ಕೂತೆ. ಸುಮಾರು ಮೂವತ್ತನೆಯದನ್ನು ಕೀಳುತ್ತಿದ್ದಾಗ ಈ ಗಿಡ, ಪ್ರಾಣಿ, ಪರಿಸರ ಎಲ್ಲದರ ಬಗ್ಗೆ ಒಂದು ದೊಡ್ಡ ಸತ್ಯ ಫಳಕ್ಕನೆ ಹೊಳೆಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದು ಇಡೀ ತೆನೆಯೇ ಮುರಿದು ಶೂ ಲೇಸಿಗೆ ಸಿಕ್ಕಿಕೊಂಡಿತ್ತು. ಬಿಡಿಸಿ ಕಣ್ಣ ಹತ್ತಿರ ಹಿಡಿದೆ. ತುದಿಯಲ್ಲಿ ಮೊಗ್ಗುಗಳು ಇನ್ನೂ ಸೆಟೆದು ನಿಂತಿವೆ. ಕೆಳಗಿನವು ಕಾಯಿ ಕಟ್ಟಿ, ತಲೆ ಕೆಳಗೆ ಮಾಡಿ, ದಂಟಿಗೆ ಒತ್ತಿಕೊಂಡಿವೆ, ಏನೂ ಗೊತ್ತಿಲ್ಲದ ಪಾಪದವರ ಹಾಗೆ. ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರೆ ಬೆಕ್ಕಿನ ಬೆನ್ನು ಸವರಿದಂತೆ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ಆಡಿಸಿ ನೋಡಿ, ಆಗ ಗೊತ್ತಾಗುತ್ತದೆ. ಒಂದೊಂದು ಕಾಯಿಯ ಪಕ್ಕದಲ್ಲೂ ಸೂಜಿಮೊನೆಯಂಥ ಮುಳ್ಳು, ನೆಲದ ಕಡೆಗೆ ಮುಖ ಮಾಡಿಕೊಂಡು ಕಾಯುತ್ತಿದೆ. ನನ್ನ ಸಾಕ್ಸಿಗಾಗಿಯೇ ಕಾಯುತ್ತಿದೆ.

ಶಾಲೆಯಲ್ಲಿ ಓದಿದ್ದು ನೆನಪಾಯಿತು. ಬೀಜ ಪ್ರಸಾರ ಗಾಳಿಯಿಂದ, ನೀರಿನಿಂದ, ಪ್ರಾಣಿಗಳಿಂದ. 'ಪ್ರಾಣಿಗಳಿಂದ' ಎನ್ನುವ ಕಡೆ ಪುಸ್ತಕದಲ್ಲಿ ಒಂದು ಹಸುವಿನ ಚಿತ್ರ ಇತ್ತು. ನಾನು ಅದಕ್ಕೆ ಕಂದು ಬಣ್ಣ ಬಳಿದಿದ್ದೆ. ಆ ಹಸು ಮುಂದೆ ನಾನೇ ಆಗುತ್ತೇನೆ ಎಂದು ಯಾರೂ ಹೇಳಲಿಲ್ಲ.

ಅದಾದರೂ ಹೋಗಲಿ. ನನಗೆ ನಿಜವಾಗಿ ಸಿಟ್ಟು ಬರುವುದು ಮುಂದಿನ ತರಗತಿಯ ಪಾಠದ ಮೇಲೆ. ಜೀವಿಗಳ ನಡುವಿನ ಸಂಬಂಧಗಳು ಅಂತ ಒಂದು ಪಟ್ಟಿ. ಕೆಲವು ಸಂಬಂಧದಲ್ಲಿ ಇಬ್ಬರಿಗೂ ಲಾಭ. ಕೆಲವದರಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಇನ್ನು ಕೆಲವದರಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಟುವ ಬೀಜವನ್ನೂ ಅದನ್ನು ಹೊರುವ ಪ್ರಾಣಿಯನ್ನೂ ಈ ಕೊನೆಯ ಗುಂಪಿಗೆ ಹಾಕಿಬಿಡುತ್ತಾರೆ. ನಷ್ಟ ಇಲ್ಲವಂತೆ! ಪ್ರಾಣಿಯನ್ನು ಯಾರಾದರೂ ಕೇಳಿದ್ದಾರಾ? ಹಣ್ಣು ಬಿಡುವ ಮರ ಮರ್ಯಾದಸ್ಥ. ಹಕ್ಕಿಗೆ ತಿರುಳು ಕೊಡುತ್ತದೆ, ಬೀಜ ದೂರ ಒಯ್ಯಪ್ಪಾ ಅನ್ನುತ್ತದೆ. ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತದೆ. ಉತ್ತರಾಣಿ ನನಗೆ ಏನು ಕೊಟ್ಟಿತು? ಬೆರಳ ತುದಿಗೆ ನಾಲ್ಕು ಗೀರು.

ಎಲ್ಲರಿಗೂ ಹೀಗೇ ಆಗುವುದಿಲ್ಲ ಎನ್ನುವುದು ಇನ್ನೊಂದು ಹೊಟ್ಟೆಯುರಿ. 1941ರಲ್ಲಿ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ನಾಯಿ ಜೊತೆ ಸುತ್ತಾಡಿ ಬಂದ. ಅವನ ಬಟ್ಟೆಗೂ ನಾಯಿಯ ಕೂದಲಿಗೂ ಇಂಥದ್ದೇ ಮುಳ್ಳುಕಾಯಿ ಅಂಟಿದ್ದವು. ಅವನು ಬೈಯುತ್ತಾ ಕೂರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ, ಚಿಕ್ಕ ಚಿಕ್ಕ ಕೊಕ್ಕೆಗಳು ಕಂಡವು. ಅದರಿಂದ ವೆಲ್ಕ್ರೋ ಹುಟ್ಟಿತು. ನನ್ನ ಹತ್ತಿರ ಇದ್ದದ್ದು ಒಂದು ಚಿಮಟ, ಅದೂ ಹೆಂಡತಿಯದು.

ಈ ಹೊತ್ತಿಗೆ ಸರಿಯಾಗಿ ಗೆಳೆಯನ ಮೆಸೇಜು ಬಂತು. ದಿನಾ ಎರಡು ಹೊತ್ತು ಹೂವಿನ ಚಿತ್ರ ಕಳಿಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಅವತ್ತಿನದು ಹೂವಿನ ಮೇಲೆ ಕೂತ ಜೇನುನೊಣ. ಕೆಳಗೆ, 'ಪ್ರಕೃತಿಯಲ್ಲಿ ಮೋಸ ಇಲ್ಲ, ಕೊಡು-ಕೊಳ್ಳು ಮಾತ್ರ.' ಕಾಲಲ್ಲಿ ಇನ್ನೂ ಅರವತ್ತು ಮುಳ್ಳು ಇಟ್ಟುಕೊಂಡವನಿಗೆ ಕಳಿಸುವ ಮಾತೇ ಇದು? ನಾನೂ ಬಿಡಲಿಲ್ಲ. ಆಫ್ರಿಸ್ ಎಂಬ ಆರ್ಕಿಡ್ ಬಗ್ಗೆ ಬರೆದೆ. ಅದರಲ್ಲಿ ಮಕರಂದವೇ ಇಲ್ಲ. ಹೂವಿನ ಒಂದು ಎಸಳು ಜೇನುನೊಣದ ದಾಯಾದಿ ಜಾತಿಯ ಹೆಣ್ಣು ನೊಣದಂತೆ ಕಾಣುತ್ತದೆ, ವಾಸನೆಯೂ ಹೆಣ್ಣಿನದೇ. ಗಂಡು ನೊಣ ಆಸೆಯಿಂದ ಬಂದು, ಹೂವಿನ ಜೊತೆ ಸಂಸಾರ ಹೂಡಲು ನೋಡಿ, ಏನೂ ಸಿಗದೆ ಹೊರಡುತ್ತದೆ. ಅಷ್ಟರಲ್ಲಿ ಪರಾಗದ ಗಂಟು ಅದರ ಮೈಗೆ ಅಂಟಿರುತ್ತದೆ. ಬುದ್ಧಿ ಬಾರದೆ ಇನ್ನೊಂದು ಹೂವಿಗೆ ಹೋಗಿ ಮತ್ತೆ ಮೋಸ ಹೋಗುತ್ತದೆ. ಆ ಗಿಡದ ವಂಶ ಬೆಳೆಯುವುದೇ ಈ ಎರಡನೇ ಮೋಸದಿಂದ. ಇದು ಯಾವ ಕೊಡು-ಕೊಳ್ಳು, ಹೇಳು ಅಂತ ಕೇಳಿದೆ. ಅವನು ಎರಡು ಕೈ ಮುಗಿದ ಚಿತ್ರ ಕಳಿಸಿದ.

ಹೂವಿನ ಸಂಸಾರ ಅಂದರೆ ನನಗೆ ಲಿನೇಯಸ್ ನೆನಪಾಗದೆ ಇರುವುದಿಲ್ಲ. ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ ಸ್ವೀಡನ್ನಿನ ಮಹಾಶಯ. 1735ರಲ್ಲಿ, ಇನ್ನೂ 28 ವರ್ಷದ ಹುಡುಗ, ಗಿಡಗಳನ್ನು 24 ಗುಂಪು ಮಾಡಿ ಪುಸ್ತಕ ಹೊರಡಿಸಿದ. ಹೇಗೆ ಗುಂಪು ಮಾಡಿದ ಅಂತೀರಿ? ಹೂವಿನ ಕೇಸರ ಗಂಡ, ಶಲಾಕೆ ಹೆಂಡತಿ, ಎಸಳು ಮದುವೆ ಹಾಸಿಗೆ. ಒಬ್ಬ ಗಂಡ ಇದ್ದರೆ ಒಂದು ಗುಂಪು, ಇಬ್ಬರಿದ್ದರೆ ಇನ್ನೊಂದು. ಇಪ್ಪತ್ತೋ ಅದಕ್ಕಿಂತ ಜಾಸ್ತಿಯೋ ಗಂಡಂದಿರು ಒಂದೇ ಹಾಸಿಗೆಯಲ್ಲಿ ಹೆಂಡತಿಯ ಜೊತೆ ಇದ್ದರೆ ಅದಕ್ಕೂ ಒಂದು ಗುಂಪು. ಹೂವೇ ಬಿಡದ ಜರೀಗಿಡ, ಪಾಚಿ, ಅಣಬೆಗಳ ವಿಷಯ ಅವನಿಗೆ ಬಗೆಹರಿಯಲಿಲ್ಲ. ಅವನ್ನೆಲ್ಲ ಕೊನೆಯ ಗುಂಪಿಗೆ ತಳ್ಳಿ 'ಕಳ್ಳ ಮದುವೆ' ಎಂಬ ಅರ್ಥದ ಹೆಸರಿಟ್ಟ. ನನಗಂತೂ ಈ ಹೆಸರು ಕಂಡರೆ ಬಲು ಇಷ್ಟ.

ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯೋಹಾನ್ ಸೀಗೆಸ್‌ಬೆಕ್ ಎಂಬ ಸಸ್ಯಶಾಸ್ತ್ರಿ ಇದ್ದ. ಐವತ್ತು ದಾಟಿದ ಮನುಷ್ಯ, ಔಷಧಿ ಗಿಡಗಳ ತೋಟ ಅವನ ಕೈಯಲ್ಲಿತ್ತು. 1737ರಲ್ಲಿ ಅವನು ಲಿನೇಯಸ್ ಮೇಲೆ ಹರಿಹಾಯ್ದ. ಇಷ್ಟು ಜನ ಗಂಡಂದಿರು, ಒಬ್ಬಳೇ ಹೆಂಡತಿ, ಇಂಥ ಅಸಹ್ಯವನ್ನು ದೇವರು ಗಿಡಗಳಲ್ಲಿ ಇಡುತ್ತಾನೆಯೇ, ಇದನ್ನು ಎಳೆಯರಿಗೆ ಕಲಿಸುವುದು ಹೇಗೆ ಎಂಬುದು ಅವನ ತಕರಾರು. ಲಿನೇಯಸ್‌ಗೆ ಹೊಗಳಿಕೆ ಅಂದರೆ ಪ್ರಾಣ, ಟೀಕೆ ಅಂದರೆ ಉರಿ. ಅವನು ನೆಟ್ಟಗೆ ಉತ್ತರ ಕೊಡಲಿಲ್ಲ. ಸಣ್ಣ ಹಳದಿ ಹೂವಿನ, ಜಿಗುಟು ಜಿಗುಟಾದ ಒಂದು ಕಳೆಗಿಡದ ಹೆಸರು ಇವತ್ತಿಗೂ ಸೀಗೆಸ್‌ಬೆಕಿಯಾ. ಹೆಸರಿಟ್ಟವನು ಲಿನೇಯಸ್.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಲಿನೇಯಸ್ ಆ ಗಿಡದ ಬೀಜವನ್ನು ಪೊಟ್ಟಣ ಕಟ್ಟಿ, ಮೇಲೆ ಲ್ಯಾಟಿನ್ನಿನಲ್ಲಿ 'ಕೃತಘ್ನ ಕೋಗಿಲೆ' ಎಂದು ಬರೆದಿಟ್ಟಿದ್ದನಂತೆ. ಇಲ್ಲಿ ಕೋಗಿಲೆ ಅಂದರೆ ಹಾಡುವುದಲ್ಲ, ಇನ್ನೊಬ್ಬರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವುದು. ಪೊಟ್ಟಣ ಹೇಗೋ ಕೈ ತಪ್ಪಿ ಸೀಗೆಸ್‌ಬೆಕ್ಕನ ಕೈ ಸೇರಿತು. ಅವನು, ಪಾಪ, ಯಾವುದೋ ಹೊಸ ಗಿಡ ಎಂದು ಬಿತ್ತಿ, ನೀರು ಹಾಕಿ, ಮೊಳಕೆಗಾಗಿ ಕಾದ. ಗಿಡ ಬೆಳೆಯಿತು, ಹೂ ಬಿಟ್ಟಿತು. ನೋಡಿದರೆ ತಾನೇ! ತೋಟದ ಮಡಿಯ ಮುಂದೆ ನಿಂತು ತನ್ನ ಹೆಸರಿನ ಕಳೆಯನ್ನು ತಾನೇ ಗುರುತು ಹಿಡಿದ ಆ ಗಳಿಗೆಯನ್ನು ನೆನೆದರೆ ನನಗೆ ಒಮ್ಮೆ ನಗು ಬರುತ್ತದೆ, ಒಮ್ಮೆ ಲಿನೇಯಸ್ ಮೇಲೆ ಕೋಪ ಬರುತ್ತದೆ. ಎಷ್ಟು ಸಣ್ಣ ಬುದ್ಧಿ! ಅಷ್ಟು ದೊಡ್ಡ ವಿದ್ವಾಂಸನಿಗೆ ಬೇರೆ ಕೆಲಸ ಇರಲಿಲ್ಲವೇ? ಆಮೇಲೆ, ಸುಮ್ನೆ ಇರಲಿ ಅಂತ, ಯಾವ ಯಾವ ಕಳೆಗೆ ಯಾರ ಯಾರ ಹೆಸರು ಹೊಂದುತ್ತದೆ ಎಂದು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿದೆ. ಹನ್ನೊಂದು ಹೆಸರು ಸಲೀಸಾಗಿ ಬಂದವು.

ಅಂದ ಹಾಗೆ, ಸೀಗೆಸ್‌ಬೆಕಿಯಾದ ಬೀಜವೂ ಬಟ್ಟೆಗೆ ಅಂಟುತ್ತದೆ. ಹೂವಿನ ಸುತ್ತಲಿನ ಪುಟ್ಟ ಎಲೆಗಳಲ್ಲಿ ಅಂಟು ಇರುತ್ತದೆ. ಹೋಗಿಬರುವವರ ಮೈಗೆ ಮೆತ್ತಿಕೊಂಡು ಅದೂ ಹೀಗೇ ಊರು ಸುತ್ತುತ್ತದೆ.

ಕೊನೆಗೆ ಪೇಪರಿನ ಮೇಲೆ ತೊಂಬತ್ತಮೂರು ಬೀಜ ಬಿದ್ದಿದ್ದವು. ಎಣಿಸಿದೆ, ಹೌದು. ಇವನ್ನು ಎಲ್ಲಿ ಎಸೆಯುವುದು? ಮೆಟ್ಟಿಲ ಪಕ್ಕ ಕೊಡವಿದರೆ ಮಳೆ ಬಿದ್ದ ವಾರಕ್ಕೆ ಗಿಡ. ಕಸದ ಬುಟ್ಟಿಗೆ ಹಾಕಿದರೆ ಗಾಡಿಯಲ್ಲಿ ಕೂತು ಇನ್ನೂ ದೂರ ಪ್ರಯಾಣ. ಏನು ಮಾಡಿದರೂ ಅದರ ಕೆಲಸವನ್ನೇ ಮಾಡಿಕೊಟ್ಟಂತಾಗುತ್ತದೆ. ಆ ದೊಡ್ಡ ಸತ್ಯ ಇದರ ಬಗ್ಗೆಯೇ ಇತ್ತು ಅನ್ನಿಸುತ್ತದೆ, ಆದರೆ ಎಣಿಸುವ ಗಲಾಟೆಯಲ್ಲಿ ಮರೆತೇಹೋಯಿತು.

ಪೇಪರನ್ನು ಹಾಗೇ ಮಡಚಿ ಪೊಟ್ಟಣ ಕಟ್ಟಿದೆ. ಮತ್ತೆ ಫೋನು ಟಿಣ್ ಅಂದಿತು. ಗೆಳೆಯನೇ. "ತಾರಸಿ ಮೇಲೆ ಕುಂಡ ಇಟ್ಟಿದ್ದೀನಿ ಕಣೋ. ಭಾನುವಾರ ಬರ್ತೀನಿ, ಯಾವುದಾದ್ರೂ ಒಳ್ಳೇ ಬೀಜ ಇದ್ರೆ ಎತ್ತಿಡು."

ಒಳಗೆ ಹೋಗಿ ಪೆನ್ನು ತಂದೆ.